ನೋರಾ ಹಾರ್ಗ್ರೀವ್ಸ್ ತಡೆದುಕೊಂಡದ್ದು

ಕ್ಲೆಗ್ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ, ಯಾರ ಮಗಳು ಯಾರ ಜೊತೆ ಸಿನಿಮಾಕ್ಕೆ ಹೋದಳು, ಪಾದ್ರಿ ಯಾರ ಮನೆಯಲ್ಲಿ ಎರಡನೆಯ ಸಲ ಕೇಕು ಬೇಡವೆಂದ, ಇದೆಲ್ಲ ಐವಿ ವಾಮ್ಸ್‌ಲಿಗೆ ಗೊತ್ತಿರುತ್ತಿತ್ತು. ಅವಳಿಗೆ ಎಷ್ಟು ತಲೆ ಕೆಡಿಸಿಕೊಂಡರೂ ಗೊತ್ತಾಗದೆ ಉಳಿದದ್ದು ಒಂದೇ, ಎದುರುಮನೆಯ ನೋರಾ ಹಾರ್ಗ್ರೀವ್ಸಳ ಮನಸ್ಸಿನಲ್ಲಿ ಏನಿದೆ ಎನ್ನುವುದು. ಬಾಯಿ ಬಿಟ್ಟರೆ ತಾನೆ ಗೊತ್ತಾಗುವುದಕ್ಕೆ!

ಬಾಯಿ ಬಿಡುತ್ತಿರಲಿಲ್ಲವೆಂದಲ್ಲ. ಬಿಟ್ಟರೆ ಬರುತ್ತಿದ್ದದ್ದು ಒಂದೇ ಮಾತು. ಸೂರು ಸೋರಿದರೂ ಅದೇ, ಮಂಡಿ ಊದಿಕೊಂಡರೂ ಅದೇ, ಅಂಗಡಿಯವನು ಒಡೆದ ಮೊಟ್ಟೆ ಕೊಟ್ಟು ಕಳಿಸಿದರೂ ಅದೇ. "ಏನ್ ಮಾಡೋದು, ತಡ್ಕೊಂಡ್ರಾಯ್ತು."

ನಾವು ತಾಳಿಕೋ ಎನ್ನುತ್ತೇವೆ, ಸಹಿಸಿಕೋ ಎನ್ನುತ್ತೇವೆ, ಹೋಗಲಿ ಹೊಟ್ಟೆಗೆ ಹಾಕಿಕೋ ಎನ್ನುತ್ತೇವೆ. ಆ ಕಡೆಯ ಇಂಗ್ಲಿಷ್ ಜನ ಅದಕ್ಕೆ 'ಪುಟ್ ಅಪ್ ವಿತ್' ಎಂದು ಮೂರು ತುಂಡು ಮಾತು ಇಟ್ಟುಕೊಂಡಿದ್ದಾರೆ. ಒಂದೊಂದನ್ನೇ ಬಿಡಿಸಿ ನೋಡಿದರೆ ಇಡು, ಮೇಲೆ, ಜೊತೆಗೆ ಎಂದಷ್ಟೇ; ಕೈಗೆ ಏನೂ ಹತ್ತುವುದಿಲ್ಲ. ಮೂರನ್ನೂ ಕೂಡಿಸಿ ಹೇಳಿದರೆ ಅರ್ಧ ಊರಿನ ಬದುಕು ಅದರೊಳಗೆ ಬಂದುಬಿಡುತ್ತದೆ. ಹಬ್ಬದೂಟಕ್ಕೆ, ಒಳ್ಳೆಯ ಬಿಸಿಲಿಗೆ ಯಾರೂ ಅದನ್ನು ಬಳಸುವುದಿಲ್ಲ. ಮಳೆ, ಬೆನ್ನುನೋವು, ಗಂಡನ ಗೊರಕೆ, ಹೋಗದ ನೆಂಟರು, ಇವಕ್ಕೆ ಆ ಮಾತು. ಐವಿಯೂ ಆ ಮಾತನ್ನು ಧಾರಾಳವಾಗಿ ಬಳಸುತ್ತಿದ್ದಳು, ಆದರೆ ಅವಳದು ಬೇರೆ ಥರ. ತಾನು ಏನೇನು ತಡೆದುಕೊಂಡೆ ಎನ್ನುವುದನ್ನು ಬೇಕರಿಯ ಸಾಲಿನಲ್ಲಿ ನಿಂತು, ಹಿಂದಿನವರಿಗೂ ಮುಂದಿನವರಿಗೂ ಕೇಳುವ ಹಾಗೆ ವಿವರವಾಗಿ ಹೇಳುತ್ತಿದ್ದಳು. ನೋರಾ ಹಾಗಲ್ಲ. ತಡ್ಕೊಂಡ್ರಾಯ್ತು ಎಂದವಳು ನಿಜಕ್ಕೂ ತಡೆದುಕೊಂಡುಬಿಡುತ್ತಿದ್ದಳು. ಇದು ಹೇಗೆ ಸಾಧ್ಯ ಎನ್ನುವುದೇ ಐವಿಯ ಕುತೂಹಲ.

ಇಬ್ಬರೂ ನೆಲ್ಸನ್ ಪಟ್ಟಣದ ಒಂದೇ ಹತ್ತಿ ಗಿರಣಿಯಲ್ಲಿ ಮಗ್ಗ ನೋಡಿಕೊಂಡು ಬೆಳೆದವರು. ನೋರಾ ಶಾಲೆ ಬಿಟ್ಟ ವಾರವೇ ಗಿರಣಿ ಸೇರಿದಳು. ವಾಲ್ಟರ್ ಹಾರ್ಗ್ರೀವ್ಸನನ್ನು ಮದುವೆಯಾದಾಗ ಅವನ ಜೊತೆಗೆ ಅವನ ತಾಯಿ, ಮಾಡಿನ ಮೇಲೊಂದು ಪಾರಿವಾಳದ ಗೂಡು ಎರಡೂ ಬಂದವು. ಅತ್ತೆ ಸಾಯುವವರೆಗೆ ಸೊಸೆಯನ್ನು ಹೆಸರು ಹಿಡಿದು ಕರೆಯಲಿಲ್ಲ, 'ಅವಳು' ಎನ್ನುತ್ತಿದ್ದಳು, ಅವಳು ಎದುರಿಗೆ ನಿಂತಿದ್ದರೂ. ಪಾರಿವಾಳಗಳೋ, ಒಗೆದು ಹರವಿದ ಬಟ್ಟೆಯ ಮೇಲೆ ಪ್ರತಿ ಸೋಮವಾರ ತಪ್ಪದೆ ಗಲೀಜು ಮಾಡುತ್ತಿದ್ದವು. "ಹೇಗಮ್ಮಾ ಇರ್ತೀಯ ಆ ಮುದುಕಿ ಜೊತೆ?" ಎಂದು ಐವಿ ಕೆದಕಿದರೆ ಅದೇ ಉತ್ತರ, ಅದೇ ಮುಖ. ಕೋಪವಿಲ್ಲ, ಅಳುವಿಲ್ಲ. ನನ್ನನ್ನು ಕೇಳಿದರೆ ಅಂಥವರ ಜೊತೆ ಬಾಳುವುದೇ ಕಷ್ಟ. ಒಂದು ಸಲವಾದರೂ ಪಾತ್ರೆ ಎತ್ತಿ ಕುಕ್ಕಬಾರದೆ ಅನ್ನಿಸುತ್ತದೆ.

ಗಿರಣಿಯ ವಿಷಯ ಒಂದು ಹೇಳಬೇಕು. ಸಾವಿರ ಮಗ್ಗ ಒಟ್ಟಿಗೆ ಬಡಿಯುವಾಗ ಕಿವಿಯ ಹತ್ತಿರ ಬಂದು ಅರಚಿದರೂ ಕೇಳುತ್ತಿರಲಿಲ್ಲ. ಅದಕ್ಕೇ ಅಲ್ಲಿಯ ಹೆಂಗಸರು ದನಿ ಬಿಟ್ಟು ಮಾತಾಡುವುದನ್ನು ಕಲಿತಿದ್ದರು. ಬಾಯಿಯನ್ನು ಅಗಲ ತೆರೆದು, ಒಂದೊಂದು ಪದವನ್ನೂ ತುಟಿಯಲ್ಲೇ ಆಡಿ ತೋರಿಸುವುದು. ಶೆಡ್ಡಿನ ಆ ತುದಿಯಲ್ಲಿ ನಿಂತವಳು ಕಣ್ಣಲ್ಲೇ ಅದನ್ನು ಓದುವುದು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರೂ ಅವನ ಬಗ್ಗೆಯೇ ಆಡಿಕೊಂಡು ನಗುತ್ತಿದ್ದರು. ಇದರಲ್ಲಿ ಐವಿಯನ್ನು ಮೀರಿಸಿದವರಿರಲಿಲ್ಲ. ನೋರಾಳಿಗೆ ಮಾತ್ರ ಈ ವಿದ್ಯೆ ಹತ್ತಲೇ ಇಲ್ಲ ಎಂದು ಐವಿಯ ತೀರ್ಮಾನ. ಉಳಿದವರೆಲ್ಲ ತುಟಿಯಾಡಿಸುತ್ತಿದ್ದರೆ ಅವಳು ದಾರದ ಮೇಲೆ ಕಣ್ಣು ನೆಟ್ಟು ನಿಂತಿರುತ್ತಿದ್ದಳು, ಪಾಪದ ಪ್ರಾಣಿ.

ಗಿರಣಿ ಮುಚ್ಚಿತು, ಐವಿಯ ಗಂಡ ಆರ್ಥರ್ ತೀರಿಕೊಂಡ, ಮಕ್ಕಳಿಲ್ಲ. ವಿದ್ಯೆ ಮಾತ್ರ ಹೋಗಲಿಲ್ಲ. ಐವಿ ಮುಂದಿನ ಕೋಣೆಯ ಕಿಟಕಿಗೆ ಜಾಲರಿ ಪರದೆ ಹಾಕಿ, ಅದರ ಹಿಂದೆ ಕುರ್ಚಿ ಎಳೆದುಕೊಂಡು ಕೂತಳು. ಎದುರು ಸಾಲಿನ ಪ್ರತಿ ಕಿಟಕಿಯ ಗಾಜಿನಾಚೆ ಯಾರಾದರೂ ಮಾತಾಡುತ್ತಲೇ ಇರುತ್ತಿದ್ದರು. ಓದಿದ್ದನ್ನು ಮರುದಿನ ಬೇಕರಿಯಲ್ಲಿ, ಬೋಟಿ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲಲ್ಲಿ "ಯಾರೋ ಹೇಳಿದ್ರಪ್ಪಾ" ಎಂದು ಹಂಚುತ್ತಿದ್ದಳು. ಆ ಯಾರೋ ಯಾರು ಎಂದು ಊರಿಗೆ ತಿಳಿಯಲೇ ಇಲ್ಲ. ತಪ್ಪು ಅಂತೀರಾ? ತಪ್ಪೇ. ಆದರೆ ಸಂಜೆ ದೀಪ ಹಚ್ಚಿ ಒಬ್ಬಳೇ ಕೂರುವ ಹೆಂಗಸಿಗೆ ಆ ಕಿಟಕಿ ಬಿಟ್ಟರೆ ಬೇರೆ ಏನಿತ್ತು ಹೇಳಿ.

ಇನ್ನು ಮ್ಯಾಜ್ ವಿಷಯ. ಮ್ಯಾಜ್ ಎಂದರೆ ವಾಲ್ಟರನ ತಂಗಿ, ಮದುವೆಯಾಗದವಳು, ಓಲ್ಡಮ್ ಊರಿನ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ವಾಲ್ಟರ್ ಸತ್ತಾಗ ಒಂದು ಸಣ್ಣ ಪೆಟ್ಟಿಗೆ ಹಿಡಿದು ಮಣ್ಣಿಗೆ ಬಂದಳು. ಮಣ್ಣಾಯಿತು, ಹಂದಿಮಾಂಸದ ಊಟವಾಯಿತು, ಭಾನುವಾರ ಹೊರಟು ನಿಂತಳು. "ಎಷ್ಟು ದಿನ ಬೇಕಾದ್ರೂ ಇರೇ ಮ್ಯಾಜ್" ಎಂದಳು ನೋರಾ. ಆ ಊರಲ್ಲಿ ಇದಕ್ಕೆ ಅರ್ಥ 'ಬಸ್ಸು ಎಷ್ಟೊತ್ತಿಗೆ' ಎಂದು. ಮ್ಯಾಜಿಗೂ ಅದು ಗೊತ್ತು, ನಕ್ಕು ಬೇಡವೆಂದಳು. ಬಾಗಿಲಿಗೆ ಬಂದಾಗ ನೋರಾ ಇನ್ನೊಂದು ಸಲ ಹೇಳಿದಳು. ಎರಡನೆಯ ಸಲ ಹೇಳದಿದ್ದರೆ ಮರ್ಯಾದೆಯಲ್ಲ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಸ್ಸು ಬರಲಿಲ್ಲ. ಇಬ್ಬರೂ ಬಸ್‌ಸ್ಟಾಪಿನಲ್ಲಿ ಮಾತಿಲ್ಲದೆ ನಿಂತರು. ಆ ಮೌನ ತಡೆಯಲಾರದೆ ನೋರಾ ಬಾಯಿತಪ್ಪಿ ಮೂರನೆಯ ಸಲವೂ ಹೇಳಿಬಿಟ್ಟಳು, "ಇರಬಹುದಿತ್ತಪ್ಪಾ ನೀನು." ಅಲ್ಲಿ ಮೂರನೆಯ ಸಲ ಹೇಳಿದರೆ ನಿಜ ಎಂದು ಲೆಕ್ಕ. ಮ್ಯಾಜಿನ ಕಣ್ಣಲ್ಲಿ ನೀರು ಬಂತು. ಪಾಪ, ಅತ್ತಿಗೆಗೆ ಎಷ್ಟು ಒಂಟಿ ಅನ್ನಿಸಿರಬೇಕು ಎಂದುಕೊಂಡು ಪೆಟ್ಟಿಗೆ ಎತ್ತಿಕೊಂಡು ವಾಪಸು ಮನೆಗೆ ಬಂದಳು. ಬಂದವಳು ಹದಿಮೂರು ವರ್ಷ ಉಳಿದಳು.

ಮ್ಯಾಜ್ ಕೆಟ್ಟವಳೇನಲ್ಲ. ಜೋರು ದನಿ, ಜೋರು ನಗು, ರೇಡಿಯೋ ಇನ್ನೂ ಜೋರು. ವಾಲ್ಟರನ ಕುರ್ಚಿಯಲ್ಲೇ ಕೂರುತ್ತಿದ್ದಳು. ಪ್ರತಿ ಗುರುವಾರ ಹಾಲಿನಲ್ಲಿ ಈರುಳ್ಳಿ ಹಾಕಿ ಬೋಟಿ ಬೇಯಿಸುತ್ತಿದ್ದಳು, ಅದರ ವಾಸನೆ ಶನಿವಾರದ ತನಕ ಪರದೆಯಲ್ಲಿ ಕೂತಿರುತ್ತಿತ್ತು. ನೋರಾ ತಟ್ಟೆ ಖಾಲಿ ಮಾಡಿ "ಚೆನ್ನಾಗಿತ್ತು" ಎನ್ನುತ್ತಿದ್ದಳು.

ಹೀಗಿರುವಾಗ ಬೇಸಿಗೆಯ ರಜೆಯ ವಾರ, ಗಿರಣಿ ಮುಚ್ಚಿದ್ದರೂ ಊರೆಲ್ಲ ಹಳೆಯ ರೂಢಿಯಂತೆ ಬೀಗ ಹಾಕಿಕೊಂಡು ಸಮುದ್ರಕ್ಕೆ ಹೋಗುವ ವಾರ, ಅತ್ತಿಗೆ ನಾದಿನಿ ಇಬ್ಬರೂ ಮೋರ್ಕಮ್ಮಿಗೆ ಹೋದರು. ಅಲ್ಲಿ ಅವರು ಯಾವಾಗಲೂ ಇಳಿದುಕೊಳ್ಳುತ್ತಿದ್ದ ವಸತಿಮನೆಯ ಯಜಮಾನ ಸಿಡ್ನಿ ಪಾರ್, ಹೆಂಡತಿ ಸತ್ತವನು, ಮೆದು ಮನುಷ್ಯ. ಆ ವರ್ಷ ಅವರು ಊರಿಗೆ ಮರಳಿದ ಮೇಲೆ ಅವನಿಗೆ ಮ್ಯಾಜಿನ ಜೋರು ನಗು ಇಲ್ಲದೆ ಮನೆ ಬಿಕೋ ಎನ್ನಿಸಿತಂತೆ. ಶರತ್ಕಾಲದಲ್ಲಿ ಒಂದು ಭಾನುವಾರ ಸೂಟು ಹಾಕಿಕೊಂಡು ಕ್ಲೆಗ್ ಬೀದಿಗೆ ಬಂದ. ನೋರಾ ಅಡುಗೆಮನೆಯಲ್ಲಿ ಚಹಾ ಮಾಡುತ್ತಿರುವಾಗ ಮುಂದಿನ ಕೋಣೆಯ ಕಿಟಕಿ ಪಕ್ಕ ಕೂತು ನನ್ನನ್ನು ಮದುವೆಯಾಗುತ್ತೀಯಾ ಎಂದು ಮ್ಯಾಜನ್ನು ಕೇಳಿದ. ಐವಿ ಜಾಲರಿಯ ಹಿಂದೆ ಕೂತು ಅಷ್ಟನ್ನೂ ಓದಿದಳು.

"ನನಗೆ ಮನಸ್ಸಿಲ್ಲ ಅಂತ ಅಲ್ಲ ಸಿಡ್ನಿ" ಎಂದಿತು ಮ್ಯಾಜಿನ ಬಾಯಿ. "ನೋರಾನ್ನ ಬಿಟ್ಟು ಹೇಗ್ ಬರ್ಲಿ? ನಾನಿಲ್ದೆ ಅವಳು ಒಂದು ದಿನ ಇರೋಳಲ್ಲ. ಈ ಕೊರೆಯೋ ಮನೆ, ಆ ನೀರಿನಂಥ ಚಾ, ಎಲ್ಲ ತಡ್ಕೊಂಡು ಇದ್ದೀನಿ ಅಂದ್ರೆ ಅವಳಿಗೋಸ್ಕರ ಅಲ್ವಾ?"

ಪಾರ್ ಈಸ್ಟರ್ ತನಕ ಕಾಯುತ್ತೇನೆಂದ. ಆಮೇಲೂ ಇಲ್ಲವೆಂದರೆ ಮನೆ ಮಾರಿ ಕೆನಡಾದಲ್ಲಿರುವ ಮಗನ ಹತ್ತಿರ ಹೊರಟುಹೋಗುತ್ತೇನೆ, ಇನ್ನೊಂದು ಬೇಸಿಗೆ ಒಬ್ಬನೇ ನಡೆಸಲಾರೆ ಎಂದ.

ಇದಾದ ಮರುವಾರವೇ ವಿಚಿತ್ರ ನಡೆಯಿತು. ಜನ್ಮದಲ್ಲಿ ಬಾಯಿ ಬಿಡದ ನೋರಾ ಮಹಡಿಯ ಕಿಟಕಿಯಲ್ಲಿ ನಿಂತು, ತನ್ನಷ್ಟಕ್ಕೆ ತಾನು ಮಾತಾಡತೊಡಗಿದಳು. ಐವಿ ಕಣ್ಣುಜ್ಜಿಕೊಂಡು ನೋಡಿದಳು.

"ವಾಲ್ಟರ್, ನಿನ್ನ ತಂಗೀನ ಯಾರಾದ್ರೂ ಕರ್ಕೊಂಡ್ ಹೋಗ್ಬಾರ್ದಾ. ಆ ಮೋರ್ಕಮ್ಮಿನವನು ಒಳ್ಳೆಯವನೇ ಅಲ್ವಾ. ಅವಳು ಹೋದ್ರೆ ನನಗೂ ನೆಮ್ಮದಿ. ನಾನ್ ಹೇಗೆ ಬಾಯಿಬಿಟ್ಟು ಹೇಳಲಿ?"

ಒಂದು ದಿನವಲ್ಲ, ಚಳಿಗಾಲ ಪೂರ್ತಿ. ಸಂಜೆ ದೀಪ ಹಚ್ಚಿದ ಮೇಲೆ ಅದೇ ಕಿಟಕಿ, ಅದೇ ಮಾತು. ಐವಿಗೆ ಮೊದಲು ಹಬ್ಬವೋ ಹಬ್ಬ. ಕಡೆಗೂ ನೋರಾಳ ಹೊಟ್ಟೆಯೊಳಗಿನದು ಸಿಕ್ಕಿತಲ್ಲ! ನಾಲ್ಕು ದಿನ ಹೋದ ಮೇಲೆ ಹಬ್ಬ ಇಳಿಯಿತು. ಆ ಹೆಂಗಸು ಈ ಹೆಂಗಸಿಗೋಸ್ಕರ ತಡೆದುಕೊಂಡಿದ್ದಾಳೆ, ಈ ಹೆಂಗಸು ಆ ಹೆಂಗಸಿಗೋಸ್ಕರ. ಮಧ್ಯೆ ಒಬ್ಬ ಒಳ್ಳೆಯ ಮನುಷ್ಯ ಕೆನಡಾಕ್ಕೆ ಹೋಗುತ್ತಿದ್ದಾನೆ. ಇದು ಗೊತ್ತಿರುವುದು ಇಡೀ ಭೂಮಿಯ ಮೇಲೆ ಐವಿ ಒಬ್ಬಳಿಗೇ.

ಹೇಳಿಬಿಟ್ಟರೆ ಒಂದೇ ನಿಮಿಷದ ಕೆಲಸ. ಆದರೆ ಹೇಳಿದರೆ 'ನಿನಗೆ ಹೇಗೆ ಗೊತ್ತಾಯ್ತು' ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಕೊಟ್ಟ ಸಂಜೆಯೇ ಎದುರು ಸಾಲಿನ ಪರದೆಗಳೆಲ್ಲ ಮುಚ್ಚುತ್ತವೆ. ಬೇಕರಿಯಲ್ಲಿ ಅವಳನ್ನು ಕಂಡರೆ ಮಾತು ನಿಲ್ಲುತ್ತದೆ. ಊರಿನ ಸುದ್ದಿಯನ್ನೆಲ್ಲ ಹೊತ್ತು ತಿರುಗಿದವಳು ಇದೊಂದನ್ನು ಯಾರ ಹತ್ತಿರವೂ ಆಡಲಿಲ್ಲ.

ಗುಡ್ ಫ್ರೈಡೆಯ ಹಿಂದಿನ ದಿನ ಬೀದಿಯ ಹೆಂಗಸರೆಲ್ಲ ಹೊಸಿಲಿನ ಮೆಟ್ಟಿಲು ಉಜ್ಜುತ್ತಿದ್ದರು. ಹಳದಿ ಕಲ್ಲಿನಲ್ಲಿ ಅಂಚು ತಿಕ್ಕಿ ಹೊಳೆಯಿಸದಿದ್ದರೆ ಹಬ್ಬಕ್ಕೆ ಮುಖ ತೋರಿಸುವ ಹಾಗಿಲ್ಲ. ಐವಿ ತನ್ನ ಮೆಟ್ಟಿಲು ಅರ್ಧಕ್ಕೆ ಬಿಟ್ಟು ಬೀದಿ ದಾಟಿದಳು.

"ನಾಳೆ ಮಿಸ್ಟರ್ ಪಾರ್ ಬರ್ತಾರಂತೆ?" ಎಂದಳು.

"ಬರಬಹುದು" ಎಂದಳು ನೋರಾ, ತಲೆ ಎತ್ತದೆ.

"ಮ್ಯಾಜ್ ಹೋದ್ರೆ ನಿನಗೆ ಕಷ್ಟ ಆಗುತ್ತೇನೋ."

ನೋರಾ ಕಲ್ಲು ಕೆಳಗಿಟ್ಟು ಐವಿಯ ಮುಖವನ್ನೇ ನೋಡಿದಳು. ಏನೋ ಕಾಯುತ್ತಿರುವ ನೋಟ. ಹೇಳಲು ಹೊರಟ ಐವಿ ಬೀದಿಯುದ್ದದ ಕಿಟಕಿಗಳ ಕಡೆ ನೋಡಿ ತುಟಿ ಕಚ್ಚಿಕೊಂಡಳು. ನೋರಾ ಮತ್ತೆ ಕಲ್ಲು ತೆಗೆದುಕೊಂಡಳು.

"ಏನ್ ಮಾಡೋದು, ತಡ್ಕೊಂಡ್ರಾಯ್ತು" ಎಂದಳು. ದನಿಯಲ್ಲಿ ಸ್ವಲ್ಪ ಸಿಟ್ಟಿತ್ತೆಂದು ಐವಿಗೆ ಅನ್ನಿಸಿತು, ಆದರೆ ನೋರಾಳಿಗೆ ಸಿಟ್ಟೆಲ್ಲಿಂದ ಬರಬೇಕು.

ಮರುದಿನ ಮಧ್ಯಾಹ್ನ ಪಾರ್ ಬಂದ. ಅದೇ ಸೂಟು, ಮೊಣಕಾಲ ಮೇಲೆ ಟೋಪಿ. ಐವಿ ಜಾಲರಿಗೆ ಮೂಗು ತಾಗಿಸಿ ನಿಂತಳು. ಮ್ಯಾಜಿನ ತುಟಿ ಆಡಿತು.

"ಇಲ್ಲ ಸಿಡ್ನಿ. ನೋರಾನ್ನ ಬಿಟ್ಟು ಬರೋಕೆ ನನ್ನಿಂದಾಗಲ್ಲ."

ಪಾರ್ ತಲೆಯಾಡಿಸಿದ. ಎದ್ದು ನಿಂತು ಟೋಪಿಯ ಅಂಚನ್ನು ತೋಳಿನಿಂದ ಒರೆಸಿದ. ಆ ಒರೆಸುವುದನ್ನು ನೋಡಿ ಐವಿಗೆ ತಡೆಯಲಾಗಲಿಲ್ಲ. ಮನೆಚಪ್ಪಲಿಯಲ್ಲೇ, ಏಪ್ರನ್ನಿನಲ್ಲೇ ಬೀದಿಗೆ ಓಡಿದಳು. ಬಾಗಿಲು ತಟ್ಟಲಿಲ್ಲ. ಕ್ಲೆಗ್ ಬೀದಿಯಲ್ಲಿ ಮುಂಬಾಗಿಲು ತಟ್ಟದೆ ಒಳಗೆ ನುಗ್ಗಿದವರು ಬೆಂಕಿ ಆರಿಸಲು ಬಂದವರು ಮಾತ್ರ.

"ಹೋಗೇ ಮ್ಯಾಜ್!" ಎಂದು ಅರಚಿದಳು. "ನೋರಾಗೆ ನೀನು ಬೇಡ!"

ಹೇಳಿದ ಮೇಲೆ ಅವಳ ಕಿವಿಗೇ ಅದು ಕೆಟ್ಟದಾಗಿ ಕೇಳಿಸಿತು. "ಬೇಡ ಅಂದ್ರೆ... ನೀನು ಹೋದ್ರೆ ಅವಳಿಗೆ ನೆಮ್ಮದಿ ಅಂತ. ಅವಳೇ ಅಂದಿದಾಳೆ. ಮೇಲಿನ ಕಿಟಕೀಲಿ ನಿಂತು, ಚಳಿಗಾಲ ಪೂರ್ತಿ ಅಂದಿದಾಳೆ. ನಾನು ಓದಿದೀನಿ. ಹೂಂ, ಓದ್ತೀನಿ, ಎಲ್ಲರ ಬಾಯೀನೂ ಓದ್ತೀನಿ, ಏನ್ ಬೇಕಾದ್ರೂ ಅನ್ಕೊಳ್ಳಿ!"

ನೋರಾ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮ್ಯಾಜ್ ಬಿಳಿಚಿಕೊಂಡು ಅವಳ ಕಡೆ ತಿರುಗಿದಳು.

"ನಿಜಾನಾ ನೋರಾ?"

ಮರ್ಯಾದೆಯ ಉತ್ತರ ಎಲ್ಲರಿಗೂ ಗೊತ್ತಿತ್ತು. 'ಛೆ ಛೆ, ಐವಿಗೆ ತಲೆ ಕೆಟ್ಟಿದೆ, ಕೂತ್ಕೋ, ಚಾ ಕುಡಿ' ಎನ್ನಬೇಕು. ಅಷ್ಟೆಂದರೆ ಐವಿ ಹುಚ್ಚಿಯಾಗುತ್ತಾಳೆ, ಪಾರ್ ಕೆನಡಾಕ್ಕೆ ಹೋಗುತ್ತಾನೆ, ಗುರುವಾರ ಬೋಟಿ ಬೇಯುತ್ತದೆ. ನೋರಾ ಟ್ರೇಯನ್ನು ಮೇಜಿನ ಮೇಲಿಟ್ಟಳು. ಬಟ್ಟಲುಗಳು ಸದ್ದು ಮಾಡಿದವು.

"ನಿಜ" ಎಂದಳು.

ಕೈ ಒರೆಸಿಕೊಂಡು ಮ್ಯಾಜಿನ ಕಡೆ ತಿರುಗಿದಳು.

"ಹದಿಮೂರು ವರ್ಷ ಆ ಬೋಟಿ ವಾಸನೆ ಕುಡಿದಿದೀನಿ ಮ್ಯಾಜ್. ಇನ್ನೊಂದು ಗುರುವಾರ ನಾನು ತಡ್ಕೊಳಲ್ಲ."

"ನಿನಗಿಷ್ಟ ಅಂತ ಮಾಡ್ತಿದ್ದದ್ದು ಕಣೇ!" ಎಂದಳು ಮ್ಯಾಜ್. "ನನಗೆ ಅದನ್ನ ನೋಡಿದ್ರೇ ವಾಕರಿಕೆ!"

ಮೊದಲು ನಕ್ಕವನು ಪಾರ್. ತಡೆಯಲು ನೋಡಿದ, ಆಗಲಿಲ್ಲ, ಟೋಪಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕ. ಆಮೇಲೆ ಮ್ಯಾಜ್ ನಕ್ಕಳು, ನಗುತ್ತಲೇ ಅತ್ತಳು, ಅಳುತ್ತಲೇ "ಮನೆ ತಣ್ಣಗೆ ಕೊರೆಯುತ್ತೆ ಕಣೇ, ಒಲೆಗೆ ಒಂದು ತುಂಡು ಕಲ್ಲಿದ್ದಲು ಜಾಸ್ತಿ ಹಾಕಿದ್ರೆ ಏನ್ ಹೋಗ್ತಿತ್ತು ನಿಂದು?" ಎಂದು ಬೈದಳು. ನೋರಾ ಬೈಸಿಕೊಂಡಳು. ಸಂಜೆ ಪಾರ್ ಹೊರಡುವ ಹೊತ್ತಿಗೆ ಮದುವೆ ಮೇ ತಿಂಗಳಲ್ಲಿ ಎಂದಾಗಿತ್ತು. ಮ್ಯಾಜ್ ಮಹಡಿಗೆ ಹೋಗಿ, ಕೇಳುವವರ ಕಿವಿ ಕಿತ್ತುಹೋಗುವ ಹಾಗೆ ಹಾಡುತ್ತ ಬೀರು ಖಾಲಿ ಮಾಡತೊಡಗಿದಳು.

ಕೆಳಗೆ ಉಳಿದವರು ನೋರಾ ಮತ್ತು ಐವಿ. ಐವಿ ಏಪ್ರನ್ನಿನ ತುದಿ ಹಿಂಡುತ್ತ ಬಾಗಿಲ ಹತ್ತಿರವೇ ನಿಂತಿದ್ದಳು.

"ಬೈಯೋದಿದ್ರೆ ಬೈದುಬಿಡು" ಎಂದಳು. "ನಿನ್ನ ಕಿಟಕಿಗೆ ಕಣ್ಣು ಹಾಕಬಾರದಿತ್ತು."

"ಬೈತೀನಿ" ಎಂದಳು ನೋರಾ. "ಅಲ್ವೇ, ನಾನು ಅಲ್ಲಿ ನಿಂತು ಯಾರ ಹತ್ತಿರ ಮಾತಾಡ್ತಿದ್ದೆ ಅಂದ್ಕೊಂಡೆ? ವಾಲ್ಟರ್ ಹತ್ತಿರಾನಾ? ಬದುಕಿದ್ದಾಗಲೇ ಅವನು ನನ್ನ ಮಾತು ಕೇಳಿಸ್ಕೊಂಡವನಲ್ಲ."

ಐವಿ ಏಪ್ರನ್ನಿನ ತುದಿ ಬಿಟ್ಟು ತಲೆಯೆತ್ತಿದಳು.

"ಪಾರ್ ಮೊದಲು ಬಂದಿದ್ದ ಆ ಭಾನುವಾರ ಟ್ರೇ ಹಿಡ್ಕೊಂಡು ಬಾಗಿಲ ಸಂದೀಲಿ ನಿಂತಿದ್ದೆ. ಮ್ಯಾಜ್ ಅವನಿಗೆ ಮೆಲ್ಲಗೆ ಹೇಳಿದ್ದೆಲ್ಲ ತುಟಿ ನೋಡಿ ತಿಳ್ಕೊಂಡೆ. ನಾನೇ ಹೋಗು ಅಂದ್ರೆ ಮನೆಯಿಂದ ಹೊರಗೆ ಹಾಕಿದ ಹಾಗಾಗುತ್ತೆ. ನಿನ್ನ ಕಿವಿಗೆ, ಅಲ್ಲ, ಕಣ್ಣಿಗೆ ಬಿದ್ರೆ ಅರ್ಧ ದಿನದಲ್ಲಿ ಊರು ಸುತ್ತಿ ಅವಳಿಗೆ ಮುಟ್ಟುತ್ತೆ ಅಂದ್ಕೊಂಡೆ. ದಿನಾ ನಿಂತು ದವಡೆ ನೋಯೋವರೆಗೆ ಹೇಳಿದೀನಿ. ನೀನು ನೋಡಿದ್ರೆ, ಜನ್ಮಕ್ಕೊಂದು ಸಲ ಬಾಯಿ ಮುಚ್ಕೊಂಡು ಕೂತೆ! ನಿನ್ನೆ ಮೆಟ್ಟಿಲ ಹತ್ತಿರ ಬಂದಾಗಲಾದ್ರೂ ಹೇಳ್ತೀಯೇನೋ ಅಂತ ಕಾದೆ."

"ನಿನಗೆ ತುಟಿ ಓದೋಕೆ ಬರುತ್ತಾ?"

"ಯಾಕೆ ಬರಲ್ಲ. ಶೆಡ್ಡಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಆಡ್ಕೊಳ್ತಿದ್ರಿ, ಅದಕ್ಕೇ ದಾರ ನೋಡ್ತಾ ನಿಲ್ತಿದ್ದೆ. ಆದ್ರೂ ಕಣ್ಣಿಗೆ ಬೀಳ್ತಿತ್ತು. ನನ್ನ ಮೇಲೆ ನೀನಂದದ್ದೂ ಬಿದ್ದಿದೆ."

ಐವಿ ಮುಖ ಕೆಳಗೆ ಹಾಕಿದಳು. ತಾನು ಏನೇನಂದಿದ್ದೆ ಎಂದು ನೆನಪಾಗಿ ಕಿವಿ ಬಿಸಿಯಾಯಿತು.

"ಹಾಗಾದ್ರೆ ನಾನು ಅಲ್ಲಿ ಕೂರ್ತಿದ್ದದ್ದು ನಿನಗೆ ಮೊದಲಿಂದ್ಲೂ..."

"ಆರ್ಥರ್ ಹೋದ ವರ್ಷದಿಂದ. ಆ ಐವಿ ಕಣ್ಣು ನಮ್ಮ ತಟ್ಟೆ ಮೇಲೇ ಇರುತ್ತೆ ಅಂತ ವಾಲ್ಟರ್ ಪೇಟೆಗೆ ಹೋಗಿ ದಪ್ಪ ಪರದೆ ತಂದಿದ್ದ. ನಾನೇ ಹಾಕಬೇಡ ಅಂದೆ. ಸಂಜೆ ಎದುರುಗಡೆ ದೀಪ ಕಂಡ್ರೆ ಅವಳಿಗೂ ಒಂದು ಮನೆ ಅನ್ನಿಸ್ಲಿ ಬಿಡು ಅಂದೆ."

ಮೇಲೆ ಮ್ಯಾಜ್ ಏನನ್ನೋ ದಬಕ್ಕನೆ ಬೀಳಿಸಿ ತನ್ನಷ್ಟಕ್ಕೆ ನಕ್ಕಳು. ಐವಿ ಬಹಳ ಸಣ್ಣ ದನಿಯಲ್ಲಿ ಕೇಳಿದಳು.

"ಇಷ್ಟು ವರ್ಷ ನನ್ನನ್ನೂ ತಡ್ಕೊಂಡ್ಯಾ?"

ನೋರಾ ಯೋಚಿಸಿದಳು. ಮಧ್ಯಾಹ್ನ ಒಂದು ಸಲ ನಿಜ ಹೇಳಿ ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

"ಹೂಂ" ಎಂದಳು. "ಎಲ್ಲರಿಗಿಂತ ಜಾಸ್ತಿ ನಿನ್ನನ್ನೇ."

ಹಾಗೆಂದು ವಾಲ್ಟರನ ಕುರ್ಚಿಯನ್ನು ಎಳೆದು ಐವಿಯನ್ನು ಅದರಲ್ಲಿ ಕೂರಿಸಿದಳು. ಐವಿಗೆ ಅಳು ಬಂತು, ನಾಚಿಕೆಗೋ ಸಂತೋಷಕ್ಕೋ ಅವಳಿಗೇ ತಿಳಿಯಲಿಲ್ಲ. ಅಳು ನಿಲ್ಲುವ ತನಕ ನೋರಾ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದಳು.